ಲೂಕಾಸ್ ಶಟಲ್‌ನಿಂದ ಇಸಿಯುವರೆಗೆ: ಹಳೆಯ ರೇಸ್ ಎಂಜಿನ್ನಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೂರಿಸುವ ಕ್ರಮ

ಹಳೆಯ ರೇಸ್ ಕಾರಿನ ಮೆಕ್ಯಾನಿಕಲ್ ಇಂಜೆಕ್ಷನ್ ಬಿಚ್ಚಿ ಎಲೆಕ್ಟ್ರಾನಿಕ್ ಮಾಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಯಾವ ಇಸಿಯು ತಗೊಳ್ಳೋದು?’ ಅಂತ. ಇಸಿಯು ಅಂದರೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂದು ಲೆಕ್ಕ ಹಾಕುವ ಎಂಜಿನ್ನಿನ ಕಂಪ್ಯೂಟರ್. ಮೋಟೆಕ್, ಲಿಂಕ್, ಇಸಿಯುಮಾಸ್ಟರ್, ಎಮರಾಲ್ಡ್, ಮೆಗಾಸ್ಕ್ವರ್ಟ್ ಹೀಗೆ ಹೆಸರುಗಳು ಬೇಕಾದಷ್ಟಿವೆ. ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಇವುಗಳಲ್ಲಿ ಯಾವುದಾದರೂ ಸರಿಯಾಗಿಯೇ ಓಡಿಸುತ್ತದೆ. ಕೆಲಸ ಕೆಡುವುದು ಬೇರೆ ಕಡೆ. ಕ್ರ್ಯಾಂಕ್ ಈ ಕ್ಷಣ ಎಲ್ಲಿದೆ, ಥ್ರಾಟಲ್ ಎಷ್ಟು ತೆರೆದಿದೆ, ಇಂಜೆಕ್ಟರಿನ ಹಿಂದೆ ಪೆಟ್ರೋಲ್ ಎಷ್ಟು ಒತ್ತಡದಲ್ಲಿ ನಿಂತಿದೆ ಎಂಬ ಮೂರು ಸಂಗತಿಗಳನ್ನು ನಂಬಿಕೊಂಡೇ ಇಸಿಯು ಲೆಕ್ಕ ಹಾಕುತ್ತದೆ. ಮೂರರಲ್ಲಿ ಒಂದು ಸುಳ್ಳಾದರೂ ಲ್ಯಾಪ್‌ಟಾಪ್ ಮುಂದೆ ಎಷ್ಟು ಹೊತ್ತು ಕೂತರೂ ಎಂಜಿನ್ ದಾರಿಗೆ ಬರುವುದಿಲ್ಲ. ಆದ್ದರಿಂದ ಇಲ್ಲಿ ಮ್ಯಾಪಿಂಗ್‌ಗಿಂತ (ಇಸಿಯುನ ಪೆಟ್ರೋಲ್, ಕಿಡಿಯ ಕೋಷ್ಟಕ ತುಂಬುವ ಕೆಲಸ) ಹೆಚ್ಚು ಜಾಗ ಪೈಪು, ಬ್ರ್ಯಾಕೆಟ್, ವೈರುಗಳಿಗೆ ಹೋಗಿದೆ.

ಉದಾಹರಣೆಗೆ ಹಿಡಿದಿರುವುದು 1970ರ ದಶಕದ ಕಾಸ್‌ವರ್ತ್ ಬಿಡಿಜಿ: 1975 ಸಿಸಿ, 4 ಸಿಲಿಂಡರ್, 16 ವಾಲ್ವ್, ಸುಮಾರು 275 ಅಶ್ವಶಕ್ತಿ, 9000 ಆರ್‌ಪಿಎಂ ಆಸುಪಾಸು ತಿರುಗುವ ಎಂಜಿನ್. ಫಾರ್ಮುಲಾ 2 ಕಾರುಗಳಲ್ಲಿ ಇದು ಲೂಕಾಸ್ ಮೆಕ್ಯಾನಿಕಲ್ ಇಂಜೆಕ್ಷನ್ ಹೊತ್ತೇ ಓಡುತ್ತಿತ್ತು. ಬಾಷ್ ಅಥವಾ ಕುಗೆಲ್‌ಫಿಷರ್ ಪಂಪ್ ಇರುವ ಎಂಜಿನ್ನಿಗೂ ಮುಂದೆ ಹೇಳುವುದರಲ್ಲಿ ಬಹುಪಾಲು ಹಾಗೇ ಅನ್ವಯಿಸುತ್ತದೆ.

ಶಟಲ್ ಮಾಡುವ ಕೆಲಸ

ಲೂಕಾಸ್ ವ್ಯವಸ್ಥೆ 1950ರ ದಶಕದಲ್ಲೇ ಜಾಗ್ವಾರ್ ಡಿ-ಟೈಪ್ ರೇಸ್ ಕಾರುಗಳಲ್ಲಿ ಕಾಣಿಸಿಕೊಂಡಿತ್ತು. 1967ರ ಜೂನ್‌ನಲ್ಲಿ ಝಾಂಡ್‌ವೂರ್ಟ್‌ನಲ್ಲಿ ಜಿಮ್ ಕ್ಲಾರ್ಕ್ ಲೋಟಸ್ 49ರಲ್ಲಿ ಗೆದ್ದಾಗ, ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನಿನ ಮೊದಲ ರೇಸಿನಲ್ಲೇ, ಪೆಟ್ರೋಲ್ ಅಳೆದು ಕೊಟ್ಟದ್ದು ಇದೇ. ಇದರ ಹೃದಯ ಮೀಟರಿಂಗ್ ಯೂನಿಟ್. ಉಕ್ಕಿನ ಸ್ಲೀವಿನೊಳಗೆ ಕ್ಯಾಮ್ ವೇಗದಲ್ಲಿ, ಅಂದರೆ ಕ್ರ್ಯಾಂಕಿನ ಅರ್ಧ ವೇಗದಲ್ಲಿ, ತಿರುಗುವ ಒಂದು ರೋಟರ್. ರೋಟರಿನ ನಡುವಿನ ರಂಧ್ರದಲ್ಲಿ ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡುವ ಸಣ್ಣ ಶಟಲ್. 7 ಬಾರ್‌ಗೂ ಸ್ವಲ್ಪ ಮೇಲಿನ ಒತ್ತಡದ ಪೆಟ್ರೋಲ್ ಒಂದು ಕಡೆಯಿಂದ ನುಗ್ಗಿ ಶಟಲನ್ನು ತಳ್ಳುತ್ತದೆ, ಇನ್ನೊಂದು ಕಡೆಯ ಪೆಟ್ರೋಲ್ ಒಂದು ಸಿಲಿಂಡರಿನ ನಾಝಲ್‌ಗೆ ಹೋಗುತ್ತದೆ. ರೋಟರ್ ಕಾಲು ಸುತ್ತು ಮುಂದಕ್ಕೆ ಹೋದಾಗ ದಿಕ್ಕು ಉಲ್ಟಾ, ಮುಂದಿನ ಸಿಲಿಂಡರಿನ ಸರದಿ. ಶಟಲ್ ಎಷ್ಟು ದೂರ ಓಡಬಹುದೋ ಅಷ್ಟೇ ಪೆಟ್ರೋಲ್. ಆ ದೂರವನ್ನು ತೀರ್ಮಾನಿಸುವುದು ಥ್ರಾಟಲ್‌ಗೆ ಕಟ್ಟಿದ ಫ್ಯುಯೆಲ್ ಕ್ಯಾಮ್ ಎಂಬ ಸಣ್ಣ ಲೋಹದ ತುಂಡು.

ಇಷ್ಟು ಕಡಿಮೆ ಭಾಗಗಳಲ್ಲಿ ಇಷ್ಟು ನಿಖರವಾಗಿ ಅಳೆಯುವ ಯಂತ್ರ ಇನ್ನೊಂದು ಸಿಗುವುದು ಕಷ್ಟ. ಆದರೆ ಅದಕ್ಕೆ ಗೊತ್ತಿರುವುದು ಥ್ರಾಟಲ್ ಒಂದೇ. ಪೂರ್ತಿ ಥ್ರಾಟಲ್‌ನಲ್ಲಿ 5000 ಆರ್‌ಪಿಎಂ ಇರಲಿ 7500 ಇರಲಿ, ಪ್ರತಿ ಸಲ ಬೀಳುವ ಪೆಟ್ರೋಲ್ ಹೆಚ್ಚುಕಡಿಮೆ ಒಂದೇ. ಎಂಜಿನ್ ಎಳೆಯುವ ಗಾಳಿ ಹಾಗಲ್ಲ. ರೇಸ್ ಕ್ಯಾಮ್ ಇರುವ ಎಂಜಿನ್ 5000ದಲ್ಲಿ ಸಿಲಿಂಡರಿನ 80 ಶೇಕಡಾ ತುಂಬಿಕೊಂಡರೆ 7500ರಲ್ಲಿ, ಟ್ರಂಪೆಟ್ (ಗಾಳಿ ಒಳಬರುವ ತುತ್ತೂರಿಯಾಕಾರದ ಕೊಳವೆ) ಮತ್ತು ಎಗ್ಸಾಸ್ಟಿನ ಅಲೆಗಳ ನೆರವಿನಿಂದ, 110 ಶೇಕಡಾ ತುಂಬಿಕೊಳ್ಳಬಹುದು. 7500ಕ್ಕೆ ಸರಿಯಾಗಿ ಫ್ಯುಯೆಲ್ ಕ್ಯಾಮ್ ಕಡೆದರೆ 5000ದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಪೆಟ್ರೋಲ್ ಜಾಸ್ತಿ. ತಿರುವಿನಿಂದ ಹೊರಬರುವಾಗ ಗುಡುಗುಡು ಅಂದು, ಕರಿ ಹೊಗೆ ಬಿಟ್ಟು, ಆಮೇಲೆ ಒಮ್ಮೆಲೇ ಎದ್ದು ಓಡುವ ಹಳೆಯ ಕಾರುಗಳ ಗುಣಕ್ಕೆ ಇದು ಒಂದು ಮುಖ್ಯ ಕಾರಣ.

ಗಾಳಿಯ ಸಾಂದ್ರತೆಯೂ ಅದಕ್ಕೆ ಗೊತ್ತಾಗುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಅದು 101ರ ಹತ್ತಿರ. ಅಲ್ಲಿನ ಸೆಖೆಯನ್ನು ಲೆಕ್ಕಕ್ಕೆ ಹಿಡಿದರೂ ಗಾಳಿ 8ರಿಂದ 10 ಶೇಕಡಾ ದಟ್ಟ. ಬೆಂಗಳೂರಿನಲ್ಲಿ ಹದವಾಗಿ ಹೊಂದಿಸಿದ ಮೆಕ್ಯಾನಿಕಲ್ ಇಂಜೆಕ್ಷನ್ ಅಲ್ಲಿ ಅಷ್ಟೇ ಪ್ರಮಾಣದಲ್ಲಿ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುವುದಿಲ್ಲ. ಮಿಕ್ಸ್ಚರ್ ತಿರುಪು ತಿರುಗಿಸದೆ ಉದ್ದನೆಯ ಸ್ಟ್ರೇಟ್‌ನಲ್ಲಿ ಒತ್ತಿ ಹಿಡಿದರೆ ಪಿಸ್ಟನ್ ತಲೆ ಕರಗಿ ತೂತಾಗಲು ಬಹಳ ಹೊತ್ತು ಬೇಡ.

ಬಿಚ್ಚುವ ಮೊದಲು

ಜಾಗತಿಕ ಮೋಟಾರ್ ರೇಸಿಂಗ್ ಸಂಸ್ಥೆಯಾದ ಎಫ್‌ಐಎಯ ಐತಿಹಾಸಿಕ ರೇಸುಗಳಲ್ಲಿ ಓಡಿಸುವ ಕಾರಾದರೆ ಇಲ್ಲಿಗೇ ನಿಲ್ಲಿಸಿ. ಅಪೆಂಡಿಕ್ಸ್ ಕೆ ನಿಯಮದ ಪ್ರಕಾರ ಕಾರು ತನ್ನ ಕಾಲದ ತಾಂತ್ರಿಕ ರೂಪದಲ್ಲೇ ಇರಬೇಕು. ಅದರಲ್ಲಿ ಇಲ್ಲದ ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕಿದರೆ ಹಿಸ್ಟಾರಿಕ್ ಟೆಕ್ನಿಕಲ್ ಪಾಸ್‌ಪೋರ್ಟ್ ದಕ್ಕುವುದಿಲ್ಲ. ಟ್ರ್ಯಾಕ್ ಡೇ, ಹಿಲ್ ಕ್ಲೈಂಬ್, ನಿಯಮ ಸಡಿಲವಿರುವ ಕ್ಲಬ್ ರೇಸುಗಳಿಗಾದರೆ ಅಡ್ಡಿಯಿಲ್ಲ. ಹೇಗಿದ್ದರೂ ಒಂದು ಕಟ್ಟುಪಾಡು ಇಟ್ಟುಕೊಳ್ಳಿ: ಮೂಲ ಭಾಗಗಳಲ್ಲಿ ಒಂದು ತೂತನ್ನೂ ಹೊಸದಾಗಿ ಕೊರೆಯಬಾರದು. ಆ ಕಾಲದ ಥ್ರಾಟಲ್ ಬಾಡಿಗಳಲ್ಲಿ ಎಷ್ಟೋ ಮೆಗ್ನೀಸಿಯಮ್‌ನವು. ಒಮ್ಮೆ ಕೊರೆದರೆ ಮುಚ್ಚಲು ಆಗದು, ಬೆಲೆಯೂ ಬಿದ್ದುಹೋಗುತ್ತದೆ.

ಮೀಟರಿಂಗ್ ಯೂನಿಟ್ ಬಿಚ್ಚಿದ ಕೂಡಲೇ ಒಳಗೆ ತೆಳುವಾದ ಎಣ್ಣೆ ತುಂಬಿ ಬಾಯಿ ಮುಚ್ಚಿಡಿ. ರೋಟರ್ ಮತ್ತು ಸ್ಲೀವ್ ಒಂದಕ್ಕೊಂದು ಲ್ಯಾಪ್ ಮಾಡಿ (ನುಣ್ಣಗೆ ಉಜ್ಜಿ ಹೊಂದಿಸಿ) ಕೂರಿಸಿದ ಜೋಡಿ. ಓಡುವಾಗ ಅವಕ್ಕೆ ಪೆಟ್ರೋಲೇ ಎಣ್ಣೆ. ಮೈಕೋ ಡೀಸೆಲ್ ಪಂಪಿನ ಪ್ಲಂಜರ್ ಮುಟ್ಟಿ ಗೊತ್ತಿರುವವರಿಗೆ ಈ ಬಿಗುವು ಎಂಥದ್ದೆಂದು ಹೇಳಬೇಕಾಗಿಲ್ಲ. ಒಣಗಿಸಿ ಶೆಲ್ಫಿನ ಮೇಲಿಟ್ಟರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಫ್ಯುಯೆಲ್ ಕ್ಯಾಮಿನ ಮೇಲಿನ ಗುರುತು, ಲಿಂಕೇಜಿನ ಉದ್ದ, ರೋಟರಿನ ಟೈಮಿಂಗ್ ಗುರುತುಗಳನ್ನೂ ಬರೆದಿಡಿ.

ಎಂಜಿನ್ನಿನ ಲೀಕ್-ಡೌನ್ ಪರೀಕ್ಷೆಯನ್ನೂ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವುದು) ಈಗಲೇ ಮುಗಿಸಿ. ಒಂದು ಸಿಲಿಂಡರಿನ ವಾಲ್ವ್ ಸೋರುತ್ತಿದ್ದರೆ ಆ ದೋಷವನ್ನು ಮ್ಯಾಪಿನಲ್ಲಿ ಹುಡುಕುತ್ತಾ ದಿನ ಕಳೆಯಬೇಕಾಗುತ್ತದೆ.

ಪೆಟ್ರೋಲ್ ದಾರಿ

ಲೂಕಾಸ್ ಪಂಪ್ ಉಳಿಸಿಕೊಂಡು ಒತ್ತಡ ಮಾತ್ರ ಇಳಿಸೋಣ ಅನ್ನುವವರಿದ್ದಾರೆ. ಬೇಡ. ಹೆಚ್ಚು ಒತ್ತಡ, ಕಡಿಮೆ ಹರಿವಿಗೆ ಮಾಡಿದ ಪಂಪ್ ಅದು. ಬಿಸಿಯಾದಾಗ ಪೆಟ್ರೋಲನ್ನು ಆವಿ ಮಾಡಿ ಕೈಕೊಡುವುದಕ್ಕೆ ಮೊದಲಿಂದಲೂ ಹೆಸರುವಾಸಿ. ಎಲೆಕ್ಟ್ರಾನಿಕ್ ಇಂಜೆಕ್ಟರಿಗೆ ಬೇಕಾದ್ದು 3 ಬಾರ್, ಆದರೆ ಅದು ಒಂದು ಕ್ಷಣವೂ ಕುಸಿಯಬಾರದು.

ಟ್ಯಾಂಕಿನಿಂದ 100 ಮೈಕ್ರಾನಿನ ಒರಟು ಫಿಲ್ಟರ್ ದಾಟಿ ಲಿಫ್ಟ್ ಪಂಪ್. ಅದು 1ರಿಂದ 1.5 ಲೀಟರಿನ ಸ್ವರ್ಲ್ ಪಾಟ್ (ಪೆಟ್ರೋಲಿನಿಂದ ಗಾಳಿಗುಳ್ಳೆ ಬೇರೆ ಮಾಡುವ ಸಣ್ಣ ಡಬ್ಬಿ) ತುಂಬಿಸುತ್ತದೆ. ಪಾಟಿನ ತಳದಿಂದ ಹೈ ಪ್ರೆಶರ್ ಪಂಪ್ ಎಳೆದು, 10 ಮೈಕ್ರಾನ್ ಫಿಲ್ಟರ್ ಮೂಲಕ ರೈಲಿಗೆ, ಅಂದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ, ತಳ್ಳುತ್ತದೆ. ರೈಲಿನ ಕೊನೆಯಲ್ಲಿ ಒತ್ತಡ ಕಾಯುವ ರೆಗ್ಯುಲೇಟರ್; ಅಲ್ಲಿಂದ ಮರಳುವ ಪೈಪ್ ಮತ್ತೆ ಪಾಟಿಗೆ. ಪಾಟಿನ ನೆತ್ತಿಯಿಂದ ಇನ್ನೊಂದು ಪೈಪ್ ಟ್ಯಾಂಕಿಗೆ ಹೋಗಬೇಕು, ಗಾಳಿಗುಳ್ಳೆ ಹೊರಹೋಗುವುದು ಅದರಲ್ಲೇ. 10 ಮೈಕ್ರಾನಿನ ಫಿಲ್ಟರನ್ನು ಪಂಪಿನ ಎಳೆಯುವ ಬದಿಗೆ ಹಾಕುವುದು ಪದೇ ಪದೇ ಕಾಣುವ ತಪ್ಪು. ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಎಳೆಯುವ ಕಡೆ ಅಡ್ಡಿಯಾದರೆ ಪೆಟ್ರೋಲ್ ಅಲ್ಲೇ ಕುದಿದು ಗುಳ್ಳೆಯಾಗುತ್ತದೆ, ಪಂಪ್ ಕೀರಲು ದನಿಯಲ್ಲಿ ಕೂಗಲು ಶುರುವಾಗುತ್ತದೆ.

275 ಅಶ್ವಶಕ್ತಿಗೆ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ 85ರಿಂದ 95 ಲೀಟರ್ ಸುಡುತ್ತದೆ. 3 ಬಾರ್ ಒತ್ತಡದಲ್ಲಿ ಗಂಟೆಗೆ 180ರಿಂದ 200 ಲೀಟರ್ ಕೊಡುವ ಪಂಪ್ ಧಾರಾಳ. ಇನ್ನೂ ದೊಡ್ಡದಿರಲಿ ಅಂದರೆ ಹೆಚ್ಚಿನ ಪೆಟ್ರೋಲ್ ಬಿಸಿ ಎಂಜಿನ್ನಿನ ಪಕ್ಕದ ರೈಲು ಸುತ್ತಿ ಸುತ್ತಿ ಪಾಟಿನಲ್ಲೇ ಕಾಯುತ್ತದೆ, ರೇಸಿನ ಕೊನೆಯ ಸುತ್ತುಗಳಲ್ಲಿ ಆವಿಯ ಕಾಟ ಮತ್ತೆ ಬರುತ್ತದೆ.

ನಮ್ಮ ಬಂಕುಗಳಲ್ಲಿ ಈಗ ಸಿಗುವ, 20 ಶೇಕಡಾ ಎಥನಾಲ್ ಬೆರೆತ ಇ20 ಪೆಟ್ರೋಲ್ ಬಗ್ಗೆ ಎರಡು ಮಾತು. ಎಥನಾಲ್ ಹಳೆಯ ನೈಟ್ರೈಲ್ ರಬ್ಬರ್ ಪೈಪನ್ನು ಮೊದಲು ಉಬ್ಬಿಸಿ ಆಮೇಲೆ ಬಿರುಕು ಬಿಡಿಸುತ್ತದೆ. ಸೇಫ್ಟಿ ಟ್ಯಾಂಕಿನೊಳಗಿನ ಹಳೆಯ ಸ್ಪಂಜನ್ನು ಪುಡಿ ಮಾಡಿ ಫಿಲ್ಟರಿಗೆ ಕಳಿಸುತ್ತದೆ. ಪಿಟಿಎಫ್‌ಇ ಒಳಪದರದ ಪೈಪ್, ವೈಟಾನ್ ಓ-ರಿಂಗ್, ಹೊಸ ಸ್ಪಂಜು ಇಲ್ಲದೆ ಮುಂದುವರಿಯಬೇಡಿ. ಎರಡನೆಯದು, ಶುದ್ಧ ಪೆಟ್ರೋಲ್ ಪೂರ್ತಿ ಸುಡಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ತೂಕದಲ್ಲಿ ಸುಮಾರು 9 ಶೇಕಡಾ ಹೆಚ್ಚು ಪೆಟ್ರೋಲ್. ಆದ್ದರಿಂದ ಗಾಳಿ-ಪೆಟ್ರೋಲ್ ಅನುಪಾತದ ಅಂಕಿ ಬಿಟ್ಟು ಲ್ಯಾಂಬ್ಡಾದಲ್ಲೇ ಮಾತಾಡುವುದು ಒಳ್ಳೆಯದು. ಇರುವ ಗಾಳಿಯನ್ನು, ಪೆಟ್ರೋಲ್ ಪೂರ್ತಿ ಸುಡಲು ಬೇಕಾದ ಗಾಳಿಯಿಂದ ಭಾಗಿಸಿದರೆ ಸಿಗುವುದೇ ಲ್ಯಾಂಬ್ಡಾ: 1ಕ್ಕಿಂತ ಕಡಿಮೆಯಾದರೆ ಪೆಟ್ರೋಲ್ ಜಾಸ್ತಿ, 1 ದಾಟಿದರೆ ಲೀನ್. ಪೆಟ್ರೋಲ್ ಯಾವುದೇ ಇರಲಿ, ಲ್ಯಾಂಬ್ಡಾ 1 ಅಂದರೆ 1.

ಇಂಜೆಕ್ಟರ್ ಎಷ್ಟು ದೊಡ್ಡದು?

ಅಂದಾಜಿನ ಬದಲು ಲೆಕ್ಕವನ್ನೇ ಮಾಡೋಣ. ಒಂದು ಸಿಲಿಂಡರ್ 494 ಸಿಸಿ. ಲೀಟರ್ ಗಾಳಿಗೆ 1.2 ಗ್ರಾಂ ಅಂತ ಹಿಡಿದರೆ 0.59 ಗ್ರಾಂ ಗಾಳಿ. ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.88 ಬೇಕು, ಇ20ಗೆ ಅದು 11.9 ಪಾಲು ಗಾಳಿಗೆ 1 ಪಾಲು ಪೆಟ್ರೋಲ್. ಹಾಗಾಗಿ ಒಂದು ಸಲಕ್ಕೆ 0.05 ಗ್ರಾಂ, ಅಂದರೆ 0.066 ಸಿಸಿ. ನಿಮಿಷಕ್ಕೆ 500 ಸಿಸಿ ಹರಿಸುವ ಇಂಜೆಕ್ಟರಿನಿಂದ ಇಷ್ಟು ಬರಲು 8 ಮಿಲಿಸೆಕೆಂಡ್ ಬೇಕು. ಸಿಲಿಂಡರ್ 110 ಶೇಕಡಾ ತುಂಬುವ ಕಡೆ 8.8. ಇಂಜೆಕ್ಟರಿನ ಸೂಜಿ ಎದ್ದು ಕೂರುವುದರಲ್ಲೇ ವ್ಯರ್ಥವಾಗುವ ಸುಮಾರು 1 ಮಿಲಿಸೆಕೆಂಡ್ ಸೇರಿಸಿ: 9.8. 9000 ಆರ್‌ಪಿಎಂನಲ್ಲಿ ಎರಡು ಸುತ್ತಿಗೆ ಸಿಗುವ ಒಟ್ಟು ಸಮಯ 13.3 ಮಿಲಿಸೆಕೆಂಡ್. ಇಂಜೆಕ್ಟರ್ 73 ಶೇಕಡಾ ಹೊತ್ತು ತೆರೆದಿರುತ್ತದೆ. 85 ಶೇಕಡಾ ದಾಟದಿದ್ದರೆ ಸರಿ ಅನ್ನುವುದು ರೂಢಿ, ಇಲ್ಲಿ ಇನ್ನೂ ಜಾಗ ಉಳಿದಿದೆ. 450 ಸಿಸಿ ಇಂಜೆಕ್ಟರಾದರೆ 80 ಶೇಕಡಾ ಮುಟ್ಟುತ್ತದೆ, ಚಳಿಗಾಲದ ದಟ್ಟ ಗಾಳಿಗೆ ಅಂಚಿಗೆ ಬರುತ್ತದೆ. 1000 ಸಿಸಿಯದು ಹಾಕಿದರೆ ಐಡ್ಲಿಂಗ್‌ನಲ್ಲಿ ತೆರೆಯುವ ಹೊತ್ತು ತೀರಾ ಚಿಕ್ಕದಾಗಿ ಪ್ರತಿ ಸಲದ ಅಳತೆ ಏರುಪೇರಾಗುತ್ತದೆ. 500–550 ಸಿಸಿ, 12 ಓಮ್ ಆಸುಪಾಸಿನ ಹೈ ಇಂಪೀಡೆನ್ಸ್, ಎರಡು ಕವಲಾಗಿ ಸಿಂಪಡಿಸುವ ಬಾಷ್ ಇವಿ14 ಮಾದರಿಯದು ಈ ಎಂಜಿನ್ನಿಗೆ ಹೊಂದುತ್ತದೆ. ಎರಡು ಕವಲು ಯಾಕೆಂದರೆ ಪ್ರತಿ ಪೋರ್ಟಿನಲ್ಲೂ ಎರಡು ಇನ್‌ಲೆಟ್ ವಾಲ್ವ್ ಇವೆ. ಒಂದೇ ಧಾರೆ ನಡುವಿನ ಗೋಡೆಗೆ ಬಡಿದು ಹರಿಯುತ್ತದೆ.

ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುತ್ತದೆ. 3 ಬಾರ್ 2.5ಕ್ಕೆ ಇಳಿದರೆ ಪೆಟ್ರೋಲ್ 9 ಶೇಕಡಾ ಕಡಿಮೆ, ಲ್ಯಾಂಬ್ಡಾ 0.88ರಿಂದ 0.96ಕ್ಕೆ. ಇಸಿಯು ಇದನ್ನು ತಾನಾಗಿ ಅರಿಯುವುದಿಲ್ಲ. ರೈಲಿಗೆ ಒಂದು ಪ್ರೆಶರ್ ಸೆನ್ಸರ್ ಕೂರಿಸಿ, ಪೂರ್ತಿ ಥ್ರಾಟಲ್‌ನಲ್ಲಿ 2.7ಕ್ಕಿಂತ ಕೆಳಗಿಳಿದರೆ ಎಂಜಿನ್ ಕಟ್ ಆಗುವಂತೆ ಇಡಿ. ಇಡೀ ಪಟ್ಟಿಯಲ್ಲಿ ಪಿಸ್ಟನ್ ಉಳಿಸುವ ಅಗ್ಗದ ವಸ್ತು ಇದೇ.

ಇಂಜೆಕ್ಟರ್ ಎಲ್ಲಿ ಕೂರಬೇಕು ಎಂಬುದಕ್ಕೆ ಎರಡು ವಾದಗಳಿವೆ. ಟ್ರಂಪೆಟ್ ಬಾಯಿಯ ಮೇಲೆ ಇಟ್ಟರೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಂಪು ಮಾಡುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಒಂದಿಷ್ಟು ಶಕ್ತಿ ಹೆಚ್ಚು ಸಿಗುತ್ತದೆ. ಆದರೆ ಐಡ್ಲಿಂಗ್ ಒರಟು, ಕಾಲಿಟ್ಟಾಗ ಉತ್ತರ ತಡ. ಒಂದೇ ಸಾಲು ಹಾಕುವುದಾದರೆ ಥ್ರಾಟಲ್ ಕೆಳಗೆ, ವಾಲ್ವಿನ ಬೆನ್ನಿಗೆ ಗುರಿಯಿಟ್ಟು ಕೂರಿಸುವುದೇ ವಾಸಿ. ಲೂಕಾಸ್ ನಾಝಲಿನ ರಂಧ್ರ ಚಿಕ್ಕದು, ಇಂಜೆಕ್ಟರಿನ ಓ-ರಿಂಗ್‌ಗೆ ಬೇಕಾದ ಗೂಡು 14 ಮಿ.ಮೀ. ಆದ್ದರಿಂದ ಹೆಡ್ ಮತ್ತು ಥ್ರಾಟಲ್ ನಡುವೆ ಕೂರುವ ಒಂದು ಅಲ್ಯೂಮಿನಿಯಂ ತುಂಡನ್ನು ಹೊಸದಾಗಿ ಕಡೆಸಬೇಕು. ಟ್ರಂಪೆಟ್ ಉದ್ದವನ್ನು ಅಷ್ಟೇ ಕಡಿಮೆ ಮಾಡಲು ಮರೆಯಬೇಡಿ. ಒಟ್ಟು ಉದ್ದ ಬದಲಾದರೆ ಟಾರ್ಕ್ ಏಳುವ ಆರ್‌ಪಿಎಂ ಕೂಡ ಜಾರುತ್ತದೆ.

ಕ್ರ್ಯಾಂಕ್ ಎಲ್ಲಿದೆ?

ಕೆಲಸದ ಅತಿ ಸೂಕ್ಷ್ಮ ಭಾಗ ಇದು. ಮುಂದಿನ ಪುಲ್ಲಿಯ ಬೋಲ್ಟುಗಳಿಗೆ 36 ಹಲ್ಲುಗಳಲ್ಲಿ ಒಂದನ್ನು ಬಿಟ್ಟ ಉಕ್ಕಿನ ಚಕ್ರ. ಹಲ್ಲಿಲ್ಲದ ಆ ಜಾಗವೇ ಇಸಿಯುಗೆ ಎಣಿಕೆ ಶುರು ಮಾಡುವ ಗುರುತು. 60ರಲ್ಲಿ 2 ಬಿಟ್ಟದ್ದೂ ಆಗುತ್ತದೆ, ಆದರೆ ಸಣ್ಣ ವ್ಯಾಸದಲ್ಲಿ ಹಲ್ಲುಗಳು ತೀರಾ ಕಿರಿದಾಗುತ್ತವೆ. 36 ಹಲ್ಲಾದರೂ 9000 ಆರ್‌ಪಿಎಂನಲ್ಲಿ ಸೆಕೆಂಡಿಗೆ 5400 ಹಲ್ಲುಗಳ ಲೆಕ್ಕ. ಸೆನ್ಸರ್ ಎರಡು ಬಗೆ. ವಿಆರ್ ಸೆನ್ಸರ್ ಒಂದು ಅಯಸ್ಕಾಂತ ಮತ್ತು ತಂತಿಸುರುಳಿ, ವೇಗ ಹೆಚ್ಚಿದಂತೆ ವೋಲ್ಟೇಜ್ ಹೆಚ್ಚುತ್ತದೆ: ಸ್ಟಾರ್ಟರ್ ತಿರುಗಿಸುವಾಗ 1 ವೋಲ್ಟ್ ಕೂಡ ಇರದು, ಮೇಲೆ ಹತ್ತಾರು ವೋಲ್ಟ್. ಹಾಲ್ ಸೆನ್ಸರಿನ ಸಿಗ್ನಲ್ ಯಾವ ವೇಗದಲ್ಲೂ ಒಂದೇ ಎತ್ತರದ್ದು. ಸ್ಟಾರ್ಟರ್ ಬಲ ಕಡಿಮೆ ಇರುವ ರೇಸ್ ಕಾರಿಗೆ ಹಾಲ್ ನೆಮ್ಮದಿ.

ವಿಆರ್ ಹಾಕಿದರೆ ಗ್ಯಾಪ್ 0.8ರಿಂದ 1 ಮಿ.ಮೀ. ಎರಡು ತಂತಿ ಅದಲುಬದಲಾದರೆ ಎಂಜಿನ್ ಸ್ಟಾರ್ಟ್ ಆಗಿಯೇ ಬಿಡಬಹುದು, ಅದೇ ಅಪಾಯ. ಹಲ್ಲಿನ ನಡುಭಾಗ ಸೆನ್ಸರ್ ಎದುರು ಬಂದಾಗ ಸಿಗ್ನಲ್ ಕಡಿದಾಗಿ ಸೊನ್ನೆ ದಾಟಬೇಕು, ಇಸಿಯು ಹಿಡಿಯುವುದು ಆ ಬಿಂದುವನ್ನು. ತಂತಿ ಉಲ್ಟಾ ಆದರೆ ಹಲ್ಲುಗಳ ನಡುವಿನ ಇಳಿಜಾರನ್ನು ಹಿಡಿಯುತ್ತದೆ, ಬಿಟ್ಟ ಹಲ್ಲಿನ ಬಳಿ ಆ ಬಿಂದು ವೇಗಕ್ಕೆ ತಕ್ಕಂತೆ ಸರಿದಾಡುತ್ತದೆ. ಪರಿಣಾಮ: 1000 ಆರ್‌ಪಿಎಂನಲ್ಲಿ ಸರಿಯಿದ್ದ ಇಗ್ನಿಷನ್ ಟೈಮಿಂಗ್ 6000ದಲ್ಲಿ ಕೆಲವು ಡಿಗ್ರಿ ಆಚೀಚೆ.

ಪತ್ತೆ ಹಚ್ಚುವ ಕ್ರಮ ಹೀಗಿದೆ. ಮೊದಲನೇ ಸಿಲಿಂಡರಿನ ಟಿಡಿಸಿಯನ್ನು (ಪಿಸ್ಟನ್ ಅತಿ ಮೇಲಿರುವ ಬಿಂದು) ಪಿಸ್ಟನ್ ಸ್ಟಾಪ್ ಹಾಕಿ ಎರಡೂ ಕಡೆಯಿಂದ ತಿರುಗಿಸಿ, ನಡುಬಿಂದು ಹಿಡಿದು ಗುರುತು ಮಾಡಿ. ಪುಲ್ಲಿಯ ಮೇಲಿನ ಹಳೆಯ ಗುರುತು ನಂಬಬೇಡಿ. ಪ್ಲಗ್ ತೆಗೆದು, ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಪಂಪಿನ ಫ್ಯೂಸನ್ನೂ ಎಳೆದಿಟ್ಟು, ಇಸಿಯುನಲ್ಲಿ ಟೈಮಿಂಗ್ 10 ಡಿಗ್ರಿಗೆ ಕಟ್ಟಿಹಾಕಿ, ಸ್ಟಾರ್ಟರಿನಿಂದ ತಿರುಗಿಸುತ್ತಾ ಟೈಮಿಂಗ್ ಲೈಟ್ ಬಿಡಿ. ಬಿಚ್ಚಿದ ಪ್ಲಗ್‌ಗಳು ಕಾಯಿಲ್‌ನಲ್ಲೇ ಇದ್ದು ಎಂಜಿನ್ನಿಗೆ ಅರ್ತ್ ಆಗಿರಲಿ, ಪ್ಲಗ್ ತೂತುಗಳಿಂದ ದೂರವಿರಲಿ. ಎಂಜಿನ್ ಓಡತೊಡಗಿದ ಮೇಲೆ ಅದೇ 10 ಡಿಗ್ರಿ 1000ದಲ್ಲೂ 5000ದಲ್ಲೂ ಅಲುಗದೆ ನಿಲ್ಲಬೇಕು. ಸರಿದರೆ ಮ್ಯಾಪ್ ಮುಟ್ಟಬೇಡಿ, ಸೆನ್ಸರ್ ಕಡೆ ಹೋಗಿ.

ಬ್ರ್ಯಾಕೆಟ್ ದಪ್ಪ ತಟ್ಟೆಯದಾಗಿರಲಿ, ಎಂಜಿನ್ ಬ್ಲಾಕಿಗೇ ಬಿಗಿದಿರಲಿ. 3 ಮಿ.ಮೀ. ತಗಡಿನ ಉದ್ದನೆಯ ಬ್ರ್ಯಾಕೆಟ್ ಯಾವುದೋ ಒಂದು ಆರ್‌ಪಿಎಂನಲ್ಲಿ ನಡುಗುತ್ತದೆ. 7200ರಲ್ಲಿ ಮಾತ್ರ ಮಿಸ್, ಅದರ ಕೆಳಗೆ ಮೇಲೆ ಎಲ್ಲ ಚೆನ್ನ ಅನ್ನುವ ದೂರು ಬಂದರೆ ನೂರಕ್ಕೆ ತೊಂಬತ್ತು ಸಲ ಕಾಯಿಲ್ ಬದಲಾಯಿಸುತ್ತಾರೆ. ನೋಡಬೇಕಾದ್ದು ಈ ಬ್ರ್ಯಾಕೆಟ್ಟನ್ನು.

ಇಂಜೆಕ್ಷನ್ ಸಿಲಿಂಡರ್ ಸರದಿಯಂತೆ ನಡೆಯಲು ಕ್ಯಾಮ್ ಸಿಗ್ನಲ್ ಕೂಡ ಬೇಕು. ಮೀಟರಿಂಗ್ ಯೂನಿಟ್ ತೆಗೆದ ಜಾಗದಲ್ಲಿ ಅರ್ಧ ವೇಗದ ಡ್ರೈವ್ ಖಾಲಿ ಬಿದ್ದಿರುತ್ತದೆ. ಅದೇ ಅಳತೆಯ ಒಂದು ಡಬ್ಬಿ ಕಡೆಸಿ, ಒಳಗೆ ಒಂಟಿ ಹಲ್ಲಿನ ಚಕ್ರ ಮತ್ತು ಹಾಲ್ ಸೆನ್ಸರ್ ಕೂರಿಸಿದರೆ ಆಯಿತು, ಹೊರಗಿನಿಂದ ನೋಡಿದವರಿಗೆ ಹಳೆಯ ಯೂನಿಟ್ಟೇ ಇದ್ದಂತೆ ಕಾಣುತ್ತದೆ. ಈ ಡ್ರೈವಿನಲ್ಲಿ ಸ್ವಲ್ಪ ಸಡಿಲವಿದ್ದರೂ ಪರವಾಗಿಲ್ಲ. ಇದು ಹೇಳಬೇಕಾದ್ದು ಎರಡು ಸುತ್ತುಗಳಲ್ಲಿ ಈಗ ಯಾವುದು ಅಂತ ಮಾತ್ರ.

ಥ್ರಾಟಲ್ ಎಷ್ಟು ತೆರೆದಿದೆ?

ಮ್ಯಾನಿಫೋಲ್ಡ್ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುವ ರಸ್ತೆ ಕಾರಿನ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಸಿಲಿಂಡರಿಗೊಂದು ಥ್ರಾಟಲ್, ಮೇಲೆ ರೇಸ್ ಕ್ಯಾಮಿನ ದೊಡ್ಡ ಓವರ್‌ಲ್ಯಾಪ್ (ಇನ್‌ಲೆಟ್, ಎಗ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು); ಒತ್ತಡದ ಸಿಗ್ನಲ್ ಕುಣಿಯುತ್ತದೆ, ಥ್ರಾಟಲ್ ಕಾಲುಭಾಗ ತೆರೆಯುವಷ್ಟರಲ್ಲಿ ಹೊರಗಿನ ಗಾಳಿಗೆ ಸಮವಾಗಿ ಬಿಡುತ್ತದೆ. ಆದ್ದರಿಂದ ಆಲ್ಫಾ-ಎನ್: ಥ್ರಾಟಲ್ ಮತ್ತು ಆರ್‌ಪಿಎಂ ಎರಡರ ಕೋಷ್ಟಕ. ಹೊರಗಿನ ಗಾಳಿಗೆ ತೆರೆದ ಒಂದು ಒತ್ತಡ ಸೆನ್ಸರ್, ಟ್ರಂಪೆಟ್ ಬಳಿ ಒಂದು ಗಾಳಿ ಉಷ್ಣಾಂಶ ಸೆನ್ಸರ್ ಸೇರಿಸಿದರೆ ಬೆಂಗಳೂರು–ಚೆನ್ನೈ ವ್ಯತ್ಯಾಸವನ್ನು ಇಸಿಯು ತಾನೇ ಸರಿದೂಗಿಸುತ್ತದೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಮೂತಿಯನ್ನೂ ಹೊರಗಾಳಿಗೇ ಬಿಡಿ.

ಈ ಪದ್ಧತಿಯಲ್ಲಿ ಥ್ರಾಟಲ್ ಸೆನ್ಸರೇ ಎಲ್ಲ. ಅದನ್ನು ಲಿಂಕೇಜಿನ ಮೇಲೆ ಕೂರಿಸಿದರೆ ಬಾಲ್ ಜಾಯಿಂಟುಗಳ ಸವಕಳಿಯೂ ಅಳತೆಯಲ್ಲಿ ಸೇರುತ್ತದೆ. ಬಟರ್‌ಫ್ಲೈ ಆದರೆ ನೇರ ಸ್ಪಿಂಡಲಿಗೆ, ಸ್ಲೈಡ್ ಥ್ರಾಟಲ್ ಆದರೆ ಸ್ಲೈಡಿಗೇ ಜೋಡಿಸಿದ ಉದ್ದ ಅಳೆಯುವ ಪೊಟೆನ್ಶಿಯೊಮೀಟರ್. ಕೋಷ್ಟಕದ ಥ್ರಾಟಲ್ ಸಾಲುಗಳನ್ನು (ಶೇಕಡಾ ಲೆಕ್ಕದಲ್ಲಿ) ಸಮನಾಗಿ ಹಂಚಬೇಡಿ. 0, 2, 4, 6, 8, 12, 16, 22, 30, 45, 65, 100 ಹೀಗಿರಲಿ. ಗಾಳಿಯ ಬದಲಾವಣೆಯೆಲ್ಲ ಮೊದಲ ಮೂವತ್ತರಲ್ಲೇ ಆಗಿಹೋಗುತ್ತದೆ. 65 ದಾಟಿದ ಮೇಲೆ ಎಂಜಿನ್ನಿಗೆ ಹೆಚ್ಚುಕಡಿಮೆ ಪೂರ್ತಿ ತೆರೆದಂತೆಯೇ.

ನಾಲ್ಕೂ ಬಾಯಿಗಳ ಗಾಳಿಯನ್ನು ಸಿಂಕ್ರೋಮೀಟರ್ ಇಟ್ಟು ಸಮ ಮಾಡಿದ ಮೇಲೆ ಐಡ್ಲಿಂಗ್ ಸ್ಕ್ರೂಗೆ ಬಣ್ಣ ಹಚ್ಚಿ ಮುದ್ರೆ ಹಾಕಿ. ಆಮೇಲೆ ಯಾರಾದರೂ ‘ಐಡ್ಲಿಂಗ್ ಸ್ವಲ್ಪ ಕಡಿಮೆ’ ಅಂತ ಅರ್ಧ ಸುತ್ತು ತಿರುಗಿಸಿದರೆ, ಸೊನ್ನೆ ಅಂದುಕೊಂಡದ್ದು ಒಂದೂವರೆ ಆಗುತ್ತದೆ, ಕೆಳಗಿನ ನಾಲ್ಕೈದು ಸಾಲುಗಳ ಮ್ಯಾಪ್ ಪೂರ್ತಿ ಪಕ್ಕಕ್ಕೆ ಸರಿಯುತ್ತದೆ.

ವೈರಿಂಗ್

ಪಂಪಿಗೆ 10–12 ಆಂಪಿಯರ್, ಕಾಯಿಲುಗಳಿಗೆ 6–8, ಇಂಜೆಕ್ಟರಿಗೆ 3–4, ಇಸಿಯು ಮತ್ತು ಲ್ಯಾಂಬ್ಡಾ ಸೆನ್ಸರಿನ ಹೀಟರಿಗೆ 2–3. ಒಟ್ಟು 25ರ ಆಸುಪಾಸು. ಆಲ್ಟರ್ನೇಟರ್ ಇಲ್ಲದ ಕಾರು 20 ನಿಮಿಷದ ರೇಸಿನಲ್ಲಿ 8 ಆಂಪಿಯರ್-ಗಂಟೆ ಖಾಲಿ ಮಾಡುತ್ತದೆ. ಬ್ಯಾಟರಿ ಅದನ್ನು ತಾಳಿಕೊಳ್ಳುತ್ತದೆ, ಆದರೆ ವೋಲ್ಟೇಜ್ ಇಳಿಯುತ್ತದೆ. 14 ವೋಲ್ಟ್‌ನಲ್ಲಿ 1 ಮಿಲಿಸೆಕೆಂಡ್ ಇದ್ದ ಇಂಜೆಕ್ಟರಿನ ವ್ಯರ್ಥ ಸಮಯ 11 ವೋಲ್ಟ್‌ನಲ್ಲಿ 1.4ರ ಹತ್ತಿರ ಹೋಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಇದು 4–5 ಶೇಕಡಾ ಲೀನ್. ಐಡ್ಲಿಂಗ್‌ನಲ್ಲಿ, ಪೆಟ್ರೋಲ್ ಹರಿಯುವ ಹೊತ್ತೇ 2 ಮಿಲಿಸೆಕೆಂಡ್ ಇರುವಾಗ, 20 ಶೇಕಡಾ. ಇಂಜೆಕ್ಟರ್ ತಯಾರಕರು ಕೊಡುವ ವೋಲ್ಟೇಜ್ ಕೋಷ್ಟಕವನ್ನು ಹಾಗೇ ತುಂಬಿ. ಅದು ಸಿಗದ ಅಗ್ಗದ ಇಂಜೆಕ್ಟರ್ ಕೊಳ್ಳಲೇಬೇಡಿ. ಸಾಧ್ಯವಾದರೆ ಸಣ್ಣ ಆಲ್ಟರ್ನೇಟರ್ ಕೂರಿಸಿ.

ಸೆನ್ಸರುಗಳ ಅರ್ತ್ ತಂತಿ ಇಸಿಯುಗೇ ಮರಳಬೇಕು, ಚಾಸಿಗೆ ಮುಟ್ಟಬಾರದು. ಕಾಯಿಲಿನ ಅರ್ತ್ ಮತ್ತು ಇಂಜೆಕ್ಟರಿನ ಕರೆಂಟ್ ಹೊರುವ ಇಸಿಯುನ ಪವರ್ ಅರ್ತ್ ಎಂಜಿನ್ ಬ್ಲಾಕಿಗೆ. ಕ್ರ್ಯಾಂಕ್ ಸೆನ್ಸರಿನ ಜಾಲರಿ ತಂತಿಯನ್ನು ಇಸಿಯು ತುದಿಯಲ್ಲಿ ಮಾತ್ರ ಅರ್ತ್ ಮಾಡಿ; ಎರಡೂ ತುದಿ ಕಟ್ಟಿದರೆ ಅದೇ ಆಂಟೆನಾ ಆಗುತ್ತದೆ. ಪ್ಲಗ್ ರೆಸಿಸ್ಟರ್ ಇರುವಂಥದ್ದೇ ಬೇಕು. ಪಂಪಿನ ರಿಲೇ ಇಸಿಯು ಕೈಯಲ್ಲಿರಲಿ, ಕ್ರ್ಯಾಂಕ್ ನಿಂತ ಒಂದೆರಡು ಸೆಕೆಂಡಿನಲ್ಲಿ ಪಂಪ್ ನಿಲ್ಲಬೇಕು. ಅಪಘಾತದಲ್ಲಿ ಒಡೆದ ಪೈಪಿನಿಂದ 3 ಬಾರ್ ಪೆಟ್ರೋಲ್ ಬಿಸಿ ಎಗ್ಸಾಸ್ಟ್ ಮೇಲೆ ಸುರಿಯದಂತೆ ತಡೆಯುವುದು ಇದೇ. ಡಿಕ್ಕಿಯ ಹೊಡೆತಕ್ಕೆ ತಾನಾಗಿ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಅದರ ಜೊತೆಗಿರಲಿ.

ಟ್ಯೂನಿಂಗ್

ಲೋಡ್ ಹಿಡಿದು ನಿಲ್ಲಿಸಬಲ್ಲ ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಬೇಕು, ಸುಮ್ಮನೆ ಚಕ್ರ ಸುತ್ತಿಸುವುದು ಸಾಲದು. ಬಾಷ್ ಎಲ್‌ಎಸ್‌ಯು 4.9 ಲ್ಯಾಂಬ್ಡಾ ಸೆನ್ಸರನ್ನು ನಾಲ್ಕು ಎಗ್ಸಾಸ್ಟ್ ಪೈಪುಗಳು ಕೂಡಿದ ಮೇಲೆ, ನೀರು ನಿಲ್ಲದಂತೆ ಅಡ್ಡದಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿಸಿ ಕೂರಿಸಿ. ಹೀಟರಿಗೆ ಕರೆಂಟ್ ಕೊಡದೆ ಅದನ್ನು ಎಗ್ಸಾಸ್ಟಿನಲ್ಲಿ ಬಿಟ್ಟರೆ ಮಸಿ ಕಟ್ಟಿ ಹಾಳಾಗುತ್ತದೆ; ಸೀಸದ ಪೆಟ್ರೋಲ್ ಕೂಡ ಅದನ್ನು ಕೊಲ್ಲುತ್ತದೆ.

ಇಗ್ನಿಷನ್ನನ್ನು ಎಂಜಿನ್ ಕಟ್ಟಿದವರು ಹೇಳಿದ್ದಕ್ಕಿಂತ 3–4 ಡಿಗ್ರಿ ಹಿಂದಿಟ್ಟು, ಲೆಕ್ಕದ ಮ್ಯಾಪಿಗೆ 10 ಶೇಕಡಾ ಪೆಟ್ರೋಲ್ ಸೇರಿಸಿ ಶುರು ಮಾಡಿ. ಕೆಳಗಿನ ಸಾಲುಗಳಿಂದ ಮೇಲಕ್ಕೆ, ಒಂದೊಂದು ಕೋಶದಲ್ಲೂ ಎಂಜಿನ್ನನ್ನು ನಿಲ್ಲಿಸಿ ತುಂಬುತ್ತಾ ಹೋಗಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಗುರಿ 0.86–0.88, ಅರ್ಧ ಥ್ರಾಟಲ್‌ನಲ್ಲಿ 0.95 ಆಸುಪಾಸು. ಐಡ್ಲಿಂಗ್‌ನಲ್ಲಿ ಮಾತ್ರ ಮೀಟರ್ ನಂಬಬೇಡಿ. ಓವರ್‌ಲ್ಯಾಪ್‌ನಿಂದಾಗಿ ಸುಡದ ಗಾಳಿ ನೇರ ಎಗ್ಸಾಸ್ಟಿಗೆ ನುಸುಳಿ ಲೀನ್ ಅಂತ ತೋರಿಸುತ್ತದೆ; ಅದನ್ನು ನೋಡಿ ಪೆಟ್ರೋಲ್ ಸುರಿದರೆ ಪ್ಲಗ್ ಒದ್ದೆಯಾಗುತ್ತವೆ. ಅಲ್ಲಿ ಆರ್‌ಪಿಎಂ ಸ್ಥಿರವಾಗುವ, ಕಣ್ಣುರಿ ಕಡಿಮೆಯಾಗುವ ಹದವೇ ಪ್ರಮಾಣ. ಸೆನ್ಸರಿಗಿಂತ ಮುಂಚೆ ಎಗ್ಸಾಸ್ಟ್ ಜಾಯಿಂಟ್ ಸೋರಿದರೂ ಇದೇ ಸುಳ್ಳು ಲೀನ್.

ಪೆಟ್ರೋಲ್ ಕೂತ ಮೇಲೆ ಇಗ್ನಿಷನ್. ಒಂದೊಂದೇ ಡಿಗ್ರಿ ಮುಂದಿಟ್ಟು, ಟಾರ್ಕ್ ಏರುವುದು ನಿಂತ ಕಡೆಯಿಂದ ಒಂದು ಡಿಗ್ರಿ ಹಿಂದಕ್ಕೆ. ಕಾಲಿಟ್ಟಾಗ ಕೊಡುವ ಹೆಚ್ಚುವರಿ ಪೆಟ್ರೋಲ್ ಎಲ್ಲಕ್ಕಿಂತ ಕೊನೆಗೆ. ಕೋಷ್ಟಕದಲ್ಲಿ ತೂತಿದ್ದಾಗ ಇದನ್ನು ಹೆಚ್ಚಿಸಿ ಮುಚ್ಚುವುದು ಸುಲಭ. ಡೈನೊ ಮೇಲೆ ಚೆನ್ನಾಗಿದ್ದ ಕಾರು ನಿಧಾನ ತಿರುವಿನಲ್ಲಿ ಮುಗ್ಗರಿಸುವುದು ಅಂಥ ತೇಪೆಯಿಂದಲೇ.

ಒಂದೇ ಲ್ಯಾಂಬ್ಡಾ ನಾಲ್ಕು ಸಿಲಿಂಡರುಗಳ ಸರಾಸರಿ ಮಾತ್ರ ಹೇಳುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಅಲ್ಲೇ ಎಂಜಿನ್ ಆರಿಸಿ ಕ್ಲಚ್ ಒತ್ತಿ, ಪ್ಲಗ್ ನಾಲ್ಕನ್ನೂ ತೆಗೆದು ಸಾಲಾಗಿ ಇಟ್ಟು ನೋಡಿ. ಒಂದು ಬೇರೆಯವಕ್ಕಿಂತ ಬಿಳಿಚಿದ್ದರೆ ಆ ಸಿಲಿಂಡರಿಗೆ 2–3 ಶೇಕಡಾ ಹೆಚ್ಚು ಪೆಟ್ರೋಲ್ ಕೊಡಿ; ಶಟಲ್ ಯೂನಿಟ್ಟಿನಲ್ಲಿ ಆಗದಿದ್ದ ಕೆಲಸ ಇದು.

ಟ್ರ್ಯಾಕಿಗೆ ಹೋದ ದಿನ ಮೊದಲು ತೆರೆಯಬೇಕಾದ ಲಾಗ್ ರೈಲಿನ ಒತ್ತಡದ್ದು. ಟ್ಯಾಂಕಿನಲ್ಲಿ 5 ಲೀಟರ್ ಮಾತ್ರ ಇಟ್ಟು ಉದ್ದನೆಯ ಬಲತಿರುವು, ಎಡತಿರುವು ಎರಡರಲ್ಲೂ ಪೂರ್ತಿ ಥ್ರಾಟಲ್ ಹಿಡಿದು ಬನ್ನಿ. ಗೆರೆ 3 ಬಾರ್‌ನಲ್ಲಿ ನೆಟ್ಟಗೆ ನಿಂತಿದ್ದರೆ ಮುಂದಿನ ಸುತ್ತು. ಒಂದು ಕಡೆಗೆ ಮಾತ್ರ ಹಲ್ಲುಹಲ್ಲಾಗಿ ಇಳಿದರೆ ಟ್ಯಾಂಕಿನೊಳಗೆ ಲಿಫ್ಟ್ ಪಂಪಿನ ಬಾಯಿ ತಪ್ಪು ಮೂಲೆಯಲ್ಲಿದೆ; ನಿಧಾನಕ್ಕೆ ಕುಸಿಯುತ್ತಾ ಹೋದರೆ ಒರಟು ಫಿಲ್ಟರ್ ಕಟ್ಟಿದೆ ಅಥವಾ ಪಾಟ್ ಬಿಸಿಯಾಗಿದೆ.